ಗಿಯರಿನ ಮಾರಿಯ ಮೇಲಣ ಗುಳಿ

ಹೇ ವಜ್ರಮುಖಿಯೇ, ಕಾಠಿಣ್ಯಪರೀಕ್ಷಾಯಂತ್ರಾಧಿದೇವತೆಯೇ, ನೂರೈವತ್ತು ಕಿಲೋ ಭಾರವನ್ನು ಒಂದೇ ಮೊನೆಯ ಮೇಲೆ ಹೊತ್ತು, ಕುಲುಮೆಯಲ್ಲಿ ಬೆಂದು ಎಣ್ಣೆಯಲ್ಲಿ ಮಿಂದ ಉಕ್ಕಿನ ಗರ್ವವನ್ನು ಗಸಗಸೆಗಿಂತ ಕಿರಿದಾದ ಗುಳಿಯಿಂದ ಅಳೆಯುವವಳೇ, ನನ್ನ ನಾಲಿಗೆಯಲ್ಲಿ ನೆಲಸು. ಕೃತ ತ್ರೇತಾ ದ್ವಾಪರಗಳು ಸಂದು, ಕಾಲವನ್ನು ಪಾಳಿಗಳಿಂದ ಎಣಿಸುವ ಈ ಯುಗದಲ್ಲಿ, ಬೆಳಗಾವಿಯ ಕಾರ್ಖಾನೆಯೊಂದರಲ್ಲಿ ನಲವತ್ತು ಗಿಯರುಗಳ ನಿಮಿತ್ತ ನಡೆದ ಘೋರ ಸಮರವನ್ನು ಹಾಡುತ್ತೇನೆ.

ಇಪ್ಪತ್ತೆರಡು ವರ್ಷಗಳಿಂದ ಆ ಯಂತ್ರದ ಹಿಡಿಕೆಯನ್ನು ಅನ್ಯರಿಗೆ ಮುಟ್ಟಗೊಡದೆ, ಅಗ್ನಿಕುಂಡದಿಂದೆದ್ದು ಬಂದ ಪ್ರತಿ ಗಿಯರಿಗೂ ಸ್ವಹಸ್ತದಿಂದ ಗುಳಿಯೊತ್ತಿ ಗಡಸುತನದ ಅಂಕವನ್ನು ಸಾರುತ್ತಿದ್ದ ವೀರನೇ ಮೌನೇಶಪ್ಪ ಕಮ್ಮಾರ. ಹೆಸರಿನಲ್ಲಿದ್ದ ಮೌನ ಬಾಯಿಯವರೆಗೆ ಇಳಿದಿರಲಿಲ್ಲ. ಅವನಿಗೆದುರಾದವಳು ತಪಾಸಣಾ ವಿಭಾಗದ ಸುಲೋಚನಾ ಹಾದಿಮನಿ: ಭೂತಗನ್ನಡಿಧಾರಿಣಿ, ರಕ್ತವರ್ಣಡಬ್ಬಿಪಾಣಿ, ದೋಷಯುಕ್ತವಸ್ತುಸಂಹಾರಿಣಿ.

ಸಮರದ ಮೂಲ ಒಂದೇ ಒಂದು ಪದ. ಬೆಳಿಗ್ಗೆ ಅವಳು ಫೋನಿನಲ್ಲಿ, ಗುಳಿಯನ್ನು ಮಾರಿಯ ಮೇಲೆ ಒತ್ತಬೇಡಿ, ಬೆನ್ನಿಗೆ ಒತ್ತಿ ಎಂದು ಅಪ್ಪಣೆ ಕೊಡಿಸಿದ್ದಳು. ಆದರೆ ಗಿಯರಿಗೆ ಮಾರಿ, ಅಂದರೆ ಮುಖ, ಯಾವುದು? ಜೋಡಿಸುವಾಗ ಪಕ್ಕದ ಭಾಗಕ್ಕೆ ಅಂಟಿ ಕೂರುವ ಸಪಾಟು ಬದಿಯೇ ಮಾರಿ ಎಂಬುದು ಸುಲೋಚನೆಯ ಸಿದ್ಧಾಂತ. ನಟ್ಟನಡುವೆ ಉಬ್ಬಿರುವ ಬದಿಯೇ ಮಾರಿ ಎಂಬುದು ಮೌನೇಶಪ್ಪನದು. ಆದುದರಿಂದ ಅವನು ಸಪಾಟು ಬದಿಯೇ ಬೆನ್ನೆಂದು ನಿಶ್ಚಯಿಸಿ, ನಲವತ್ತು ಗಿಯರುಗಳ ಮೇಲೂ ನಿಷ್ಕರುಣೆಯಿಂದ ಗುಳಿಯೊತ್ತಿದನು.

ಹನ್ನೊಂದಕ್ಕೆ ಬಂದ ಸುಲೋಚನೆ ಭೂತಗನ್ನಡಿ ಹಿಡಿದು ನೋಡಿದಳು, ನೋಡಿ ಕೆಂಡವಾದಳು. ಗುಳಿಯ ಅಂಚು ಉಬ್ಬಿದರೆ ಗಿಯರು ಸರಿಯಾಗಿ ಕೂರುವುದಿಲ್ಲ, ನಲವತ್ತಕ್ಕೂ ತಿರಸ್ಕಾರದ ಕೆಂಪು ಬಣ್ಣವೇ ಗತಿ ಎಂದಳು. ನಾಳೆಯಿಂದ ಈ ಯಂತ್ರಕ್ಕೆ ಬೇರೆಯವರು, ಮೌನೇಶಪ್ಪ ಪ್ಯಾಕಿಂಗಿಗೆ ಎಂದೂ ಸೇರಿಸಿದಳು. ಆ ಕೊನೆಯ ಮಾತು ಬಾಣದಂತೆ ನಾಟಿತು. ಹಿಡಿಕೆಯಿಲ್ಲದ ಅಂಗೈಯನ್ನು ಅವನು ಒಮ್ಮೆ ನೋಡಿಕೊಂಡನು.

"ಬಾಯಾರ, ಉಕ್ಕಿನ ಎದಿಬಡಿತ ಈ ಕೈಗೆ ತಿಳೀತದ. ಇದನ್ನ ಒಯ್ದು ಡಬ್ಬಿಗೆ ಟೇಪ ಹಚ್ಚಲೇನ್ರೀ?"

"ಎದಿಬಡಿತ ತಿಳೀತು, ಮಾರಿ ತಿಳೀಲಿಲ್ಲೇನ ಕಾಕಾ?"

"ಮೂಗ ಎಲ್ಲಿರ್ತದ್ರೀ, ಬೆನ್ನಾಗೇನ?"

ಕುಲುಮೆ ಶಂಖದಂತೆ ಮೊಳಗಿತು. ಶೆಡ್ಡು ಎರಡು ಪಾಳಯವಾಯಿತು. ಉಬ್ಬಿದ್ದೇ ಮೂಗೆಂದು ಕುಲುಮೆಯವರು, ಮಾರಿ ಯಾವತ್ತೂ ಸಪಾಟೆಂದು ಲೇತಿನವರು, ತಮ್ಮತಮ್ಮ ಕೆನ್ನೆಗಳನ್ನೇ ಸಾಕ್ಷಿಗೆ ಮುಟ್ಟಿಕೊಂಡು ವಾದಿಸಿದರು. ಸುಲೋಚನೆ ಡಬ್ಬಿಯ ಮುಚ್ಚಳ ತೆಗೆದು ಕುಂಚವನ್ನು ಅದ್ದಿದಳು.

ಅಷ್ಟರಲ್ಲಿ ಗಿಯರುಗಳನ್ನು ಒಯ್ಯಲು ಗ್ರೈಂಡಿಂಗಿನ ದಾದಾಪೀರ ತಳ್ಳುಗಾಡಿಯೊಂದಿಗೆ ಬಂದನು. ಉಭಯ ಸೇನೆಗಳ ನಡುವೆ ಗಾಡಿ ನಿಲ್ಲಿಸಿ, ಏನು ಗದ್ದಲವೆಂದು ಕೇಳಿ ತಿಳಿದು, ಕಿಸೆಯಿಂದ ಎಣ್ಣೆಗಲೆಯ ಹಾಳೆಯೊಂದನ್ನು ಬಿಚ್ಚಿದನು. ಸುಲೋಚನೆ ನಂಬಿದ್ದುದು ಪೂರ್ತಿ ಸಿದ್ಧವಾದ ಗಿಯರಿನ ನಕ್ಷೆಯನ್ನು. ದಾದಾಪೀರನ ಹಾಳೆಯಲ್ಲಿ, ಸಪಾಟು ಬದಿಯಿಂದ ಮಿಲಿಮೀಟರಿನ ನೂರರಲ್ಲಿ ಹದಿನೈದು ಪಾಲನ್ನು ಇನ್ನೂ ಉಜ್ಜಿ ತೆಗೆಯಬೇಕೆಂದಿತ್ತು.

ಸುಲೋಚನೆ ಕುಂಚವನ್ನು ಹಿಡಿದಂತೆಯೇ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಗಡಸುತನ ಅರವತ್ತು. ನೂರರಿಂದ ಕಳೆದರೆ ನಲವತ್ತು. ನೂರಕ್ಕೆ ಕಡಿಮೆಯಾದ ಒಂದೊಂದು ಅಂಕಕ್ಕೆ ಗುಳಿಯ ಆಳ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು. ಅಂದರೆ ಸೇನೆಗಳನ್ನೇ ನುಂಗಲು ಬಾಯ್ದೆರೆದಿದ್ದ ಆ ಪಾತಾಳಕೂಪದ ಆಳ, ನೂರರಲ್ಲಿ ಎಂಟು ಪಾಲು; ಉಜ್ಜಿ ಹೋಗುವುದೋ ಹದಿನೈದು.

ದಾದಾಪೀರ ಒಂದು ಗಿಯರನ್ನು ಉಜ್ಜಿ ತಂದನು. ಸಪಾಟು ಬದಿ ಕನ್ನಡಿಯಾಗಿತ್ತು, ಗುಳಿಯ ಸುಳಿವಿರಲಿಲ್ಲ. ಮೌನೇಶಪ್ಪನ ಸೇನೆ ಕೇಕೆ ಹಾಕಿತು. ಅವನೊಬ್ಬನೇ ಹಾಕಲಿಲ್ಲ. ತಾನೊತ್ತಿದ್ದು ಅಳಿಸಿಹೋದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ನಿಂತನು.

ಸುಲೋಚನೆಗೆ ಆಗ ಹೊಳೆಯಿತು: ಗುಳಿಯೇ ಪರೀಕ್ಷೆಯ ಗುರುತು, ಅದಿಲ್ಲದ ಗಿಯರನ್ನು ಕೊಳ್ಳುವವರು ಒಳಗೇ ಬಿಡುವುದಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ಕೆಳಗಿಟ್ಟು, ಗಿಯರನ್ನು ಯಂತ್ರದ ಪೀಠದ ಮೇಲೆ, ಉಬ್ಬು ಮೇಲಾಗಿ ಕೂರಿಸಿದಳು.

"ಕಾಕಾ, ಒತ್ರಿ."

"ಎಲ್ಲಿ, ಮಾರಿಗೋ ಬೆನ್ನಿಗೋ?"

ಅವಳು ಉಬ್ಬಿನ ಪಕ್ಕಕ್ಕೆ ಬೆರಳಿಟ್ಟು ತೋರಿಸಿದಳು. ಇಪ್ಪತ್ತೆರಡು ವರ್ಷಗಳ ಹಿಡಿಕೆ ಮತ್ತೆ ಅವನ ಅಂಗೈಗೆ ಬಂತು. ಮುಳ್ಳು ಅರವತ್ತಕ್ಕೆ ನಿಂತಿತು. ಇನ್ನು ಉಳಿದವು ಮೂವತ್ತೊಂಬತ್ತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಲು, ಉಭಯ ಸೇನೆಗಳೂ ಇದ್ದ ಒಂದೇ ನಲ್ಲಿಯ ಮುಂದೆ ಕೈತೊಳೆಯಲು ಸಾಲು ನಿಂತವು.