ಇಪ್ಪತ್ತೇಳರ ಹುಡುಗನಿಗೆ ತಾಯಿಯ ಒಪ್ಪಿಗೆ

ಮೀಸೆಯ ಒಂದು ಬದಿ ಕತ್ತರಿ ಹೆಚ್ಚು ಬಿತ್ತೆಂದು ಇನ್ನೊಂದು ಬದಿ ಸರಿಮಾಡಹೋಗಿ ಅಮೋಲ ಮಾಸ್ತರರು ಅಂದು ಬೆಳಿಗ್ಗೆ ಮೀಸೆಯನ್ನೇ ಕಳೆದುಕೊಂಡರು. ಮೇಲ್ತುಟಿ ಕೊಯ್ಲಾದ ಜೋಳದ ಹೊಲದಂತೆ ಬೋಳಾಯಿತು.

ಅಂದೇ ತಿಕೋಟಾದ ಅವರ ಶಾಲೆಯಲ್ಲಿ ಪಾಲಕರ ಸಭೆ. ಹದಿನಾರು ತುಂಬದ ಮಕ್ಕಳ ಸಾಮಾಜಿಕ ಜಾಲತಾಣ ಬಳಕೆಗೆ ಕಡಿವಾಣ ಹಾಕುವ ರಾಜ್ಯದ ಕಾನೂನಿನ ಬಗ್ಗೆ ಮಾಸ್ತರರ ಭಾಷಣ. ಅದರ ನೇರ ಪ್ರಸಾರ ಬೇರೆ. ಶಾಲೆಯ ಖಾತೆ ಇದ್ದದ್ದು ಅವರ ಮೊಬೈಲಿನಲ್ಲೇ. ಹನ್ನೆರಡು ಗಂಟೆಗೆ ಆ್ಯಪ್ ತೆರೆದರೆ, ವಯಸ್ಸು ನೋಡಬೇಕು, ಮುಖ ತೋರಿಸಿ ಎಂದಿತು. ತೋರಿಸಿದರು. ನಿಮಗೆ ಹದಿನಾಲ್ಕು, ತಂದೆ ಅಥವಾ ತಾಯಿ ಬಂದು ಮುಖ ತೋರಿಸಿ ಒಪ್ಪಿಗೆ ಕೊಡಲಿ ಎಂದಿತು.

ಚಿತ್ರಕಲೆಯ ಮುನಾಫ ಸರ್ ಓಡಿಬಂದು ಕಪ್ಪು ಬಣ್ಣದಲ್ಲಿ ಮೀಸೆ ಬರೆದರು. ಆ್ಯಪ್ ವಯಸ್ಸನ್ನು ಹನ್ನೆರಡಕ್ಕೆ ಇಳಿಸಿತು. ಆಧಾರ್ ಕೊಟ್ಟರೆ, ಪರಿಶೀಲನೆಗೆ ಎರಡು ದಿನ ಬೇಕೆಂದಿತು. ಸಭೆಗೆ ಉಳಿದದ್ದು ಮೂರೇ ತಾಸು.

"ತಾಯಿಯವರನ್ನ ಕರ್ಕೊಂಡ ಬರ್ರಿ ಸರ್" ಎಂದರು ಮುಖ್ಯಾಧ್ಯಾಪಕಿ ನಿರ್ಮಲಾ ಮೇಡಂ. "ಪಾಲಕರ ಸಭೆನ ಐತಲ್ಲ."

ಮಾಸ್ತರರು ತಮ್ಮೂರು ಕಳ್ಳಕವಟಗಿಗೆ ಹೋಗಿ, ಶೇಂಗಾ ಸುಲಿಯುತ್ತಿದ್ದ ತಾಯಿ ತುಳಸಾಬಾಯಿಯವರನ್ನು ಬೈಕಿನ ಮೇಲೆ ಕೂಡಿಸಿಕೊಂಡು ಬಂದರು. ಸಾಲಿಯವರು ಕರೆಸುವಂಥ ತಪ್ಪು ಏನು ಮಾಡಿದೆ ಎಂದು ತಾಯಿ ಮಗನನ್ನು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು.

ಶಿಕ್ಷಕರೆಲ್ಲ ಸುತ್ತುವರಿದರು. ತಾಯಿಯ ಮುಖವನ್ನು ಆ್ಯಪ್ ಒಂದೇ ಸಲಕ್ಕೆ ಒಪ್ಪಿಕೊಂಡಿತು. ಹಸಿರು ಗುಂಡಿ ಒತ್ತಿದರೆ ಮುಗಿಯಿತು ಎಂದು ಮುನಾಫ ಸರ್ ಬೆರಳು ಹಿಡಿದೇ ತೋರಿಸಿದರು.

"ಓದದ ಹೆಂಗ ಒತ್ತಲಿ?" ಎಂದು ತುಳಸಾಬಾಯಿ ಕನ್ನಡಕ ಏರಿಸಿದರು.

ನಾಲ್ಕನೇ ಇಯತ್ತೆಯವರೆಗಷ್ಟೇ ಶಾಲೆ ಕಲಿತ ಅವರು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ಹುಡುಗನ ಫೋಟೊ ಯಾರ ಬಳಿ ಉಳಿಯುತ್ತದೆ, ಅವನು ಎಲ್ಲಿದ್ದಾನೆಂದು ಯಾರಿಗೆ ತಿಳಿಯುತ್ತದೆ, ಗುರುತಿಲ್ಲದವರು ಮಾತಿಗೆಳೆದರೆ ಹೊಣೆ ಯಾರದು ಎಂದು ತಡೆತಡೆದು ಕೇಳಿದರು. ಮಾಸ್ತರರ ಹನ್ನೆರಡು ಪುಟದ ಭಾಷಣದಲ್ಲಿ ಈ ಪ್ರಶ್ನೆಗಳೇ ಇರಲಿಲ್ಲ. ನಿರ್ಮಲಾ ಮೇಡಂ ಸದ್ದಿಲ್ಲದೆ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.

"ಈ ಕಾಯ್ದೆ ಮಾಡಿದಾಂವ ಶ್ಯಾಣ್ಯಾ ಅದಾನ" ಎಂದರು ತುಳಸಾಬಾಯಿ. "ಹಡದಾಕಿನ್ನ ಕೇಳ್ರಿ ಅಂದಾನ. ಕೇಳಿದ್ದಕ್ಕ ಹೇಳಾಕತ್ತೇನಿ, ಇದು ಬ್ಯಾಡ."

ಕೆಂಪು ಗುಂಡಿ ಒತ್ತಿಯೇ ಬಿಟ್ಟರು. ಇನ್ನು ನಾಲ್ಕು ವರ್ಷ ಬಿಟ್ಟು ಬನ್ನಿ ಎಂದು ಆ್ಯಪ್ ಬಾಗಿಲು ಹಾಕಿಕೊಂಡಿತು.

ಪ್ರಸಾರ ತಪ್ಪಿದರೂ ಸಭೆ ತಪ್ಪಲಿಲ್ಲ. ಮೂರು ಗಂಟೆಗೆ ಮುಖ್ಯ ಭಾಷಣಕಾರರು ವೇದಿಕೆಗೆ ಬರಬೇಕೆಂದಾಗ ಮಾಸ್ತರರು ಅಂಗಿ ನೇರ ಮಾಡಿಕೊಂಡು ಎದ್ದರು. ಆದರೆ ಮೇಡಂ ಕರೆದದ್ದು ತುಳಸಾಬಾಯಿಯವರನ್ನು.

ಅವರು ಮೈಕಿನ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿ ಒಂದು ಮೊಬೈಲ್ ಎತ್ತಿ ಹಿಡಿದರು.

"ಮೊದಲ ನಾ ನನ್ನ ಮಗಂದು ಇಸ್ಕೊಂಡೇನಿ. ಈಗ ನೀವು ನಿಮ್ಮ ಹುಡುಗೂರದು ಇಸ್ಕೋರಿ."

ಪಾಲಕರೆಲ್ಲ ಚಪ್ಪಾಳೆ ತಟ್ಟಿದರು. ಬೇರೆ ದಾರಿ ಕಾಣದೆ, ತುಸು ಹೆಮ್ಮೆಯಿಂದಲೂ, ಅಮೋಲ ಮಾಸ್ತರರೂ ತಟ್ಟಿದರು.