ಗುಬ್ಬೀಲಿ ಡ್ರಮ್ಮು, ಕುಣಿಗಲ್‌ನಲ್ಲಿ ಸಿಂಬಲ್ಲು

ಹಳೇ ಸಾಮಾನಿಗೆ ಜೀವ ಬರಬೇಕಾದ್ರೆ ಮೊದಲು ರಿಪೇರಿ ಮಾಡೋನ ಮಾನ ಹೋಗಬೇಕು. ತುಮಕೂರಿನ ಶಿರಾ ಗೇಟ್ ಹತ್ತಿರ ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರೋ ನನಗೆ ಇದು ಗಾಡಿಗಳಿಂದ ಗೊತ್ತಿತ್ತು. ಡ್ರಮ್ ಸೆಟ್ಟೂ ಅದೇ ಜಾತಿ ಅನ್ನೋದು ಗೊತ್ತಾಗಿದ್ದು ಹೋದ ವರ್ಷ.

ವಯಸ್ಸಿನಲ್ಲಿದ್ದಾಗ ನಾನು ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸ್ತಿದ್ದೆ. ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ಎಲ್ಲಿ ಕರೆದರೂ ಹೋಗ್ತಿದ್ವಿ. ಆರ್ಕೆಸ್ಟ್ರಾ ನಿಂತಾಗ ನೆನಪಿಗಿರಲಿ ಅಂತ ಎಲ್ಲರೂ ಒಂದೊಂದು ಸಾಮಾನು ಮನೆಗೆ ಒಯ್ದರು. ನನ್ನ ಪಾಲಿಗೆ ಉಳಿದಿದ್ದು ಬಾರಿಸೋ ಕೋಲು.

ಹೋದ ವರ್ಷ ನಮ್ಮ ಗಾಯಕನ ಮಗಳು ಫೋನ್ ಮಾಡಿದಳು. "ಅಂಕಲ್, ಶ್ರಾವಣದಲ್ಲಿ ನನ್ ಮದುವೆ. ಹುಡುಗನ ಕಡೆಯೋರು ಡಿಜೆ ಅಂತಾವ್ರೆ. ನಂಗೆ ಅಪ್ಪನೇ ಹಾಡ್ಬೇಕು. ಅಪ್ಪ ನೋಡಿದ್ರೆ, ಆ ಹಳೇ ಡ್ರಮ್ಸ್ ಇಲ್ದೆ ಬಾಯೇ ಬಿಡಲ್ಲ ಅಂತಾರೆ."

"ಅಷ್ಟೇ ತಾನೆ? ತರ್ತೀನಿ ಬಿಡವ್ವ" ಅಂದುಬಿಟ್ಟೆ. ಅಲ್ಲಿಂದ ಶುರು.

ಬಾಣಂತಿ

ಡ್ರಮ್ಮುಗಳು ಗುಬ್ಬಿಯಲ್ಲಿ, ನಮ್ಮ ಕೀಬೋರ್ಡಿನವನ ಮನೆಯಲ್ಲಿದ್ವು. ಸಣ್ಣವೆಲ್ಲ ಅಟ್ಟದಲ್ಲಿ ಸಿಕ್ಕವು. ಕಾಲಲ್ಲಿ ಒದ್ದು ಬಾರಿಸೋ ದೊಡ್ಡ ಡ್ರಮ್ಮು ಮಾತ್ರ ದನದ ಕೊಟ್ಟಿಗೆ ಮೂಲೆಯಲ್ಲಿತ್ತು. ಒಂದು ಕಡೆ ಚರ್ಮ ಹರಿದುಹೋಗಿತ್ತು. ಬಗ್ಗಿ ಒಳಗೆ ನೋಡಿದೆ. ಕೋಳಿಯೊಂದು ನನ್ನನ್ನು ಗುರಾಯಿಸ್ತಾ ಕೂತಿತ್ತು.

"ಮುಟ್ಬ್ಯಾಡ ಕಣಪ್ಪಾ, ಕಾವಿಗೆ ಕೂತದೆ" ಅಂತ ಅವನ ತಾಯಿ ಓಡಿ ಬಂದರು.

"ಅವ್ವಾ, ಇದು ನಮ್ ಆರ್ಕೆಸ್ಟ್ರಾ ಡ್ರಮ್ಮು."

"ಡ್ರಮ್ಮು ನಿಮ್ದೇ ಇರ್ಲಿ. ಮೊಟ್ಟೆ ಅದ್ರುದಲ್ವಾ?"

ಸಣ್ಣ ಡ್ರಮ್ಮುಗಳನ್ನಷ್ಟೇ ಹೊತ್ತು ತುಮಕೂರಿಗೆ ವಾಪಸ್ ಬಂದೆ. ಕೆಲವು ವಾರ ಆದಮೇಲೆ ಕೀಬೋರ್ಡಿನವನು ಫೋನ್ ಮಾಡಿದ. "ಹೆರಿಗೆ ಆಯ್ತು ಕಣೋ. ತಾಯಿ ಮಕ್ಳು ಕ್ಷೇಮ. ಬಾ."

ಹೋದರೆ ಅವ್ವ ಬಾಗಿಲಲ್ಲೇ ತಡೆದರು. "ಹಸೀ ಬಾಣಂತಿ, ಬೀದಿಗೆ ಹಾಕಿ ಹೋಯ್ತೀಯಾ?" ಗುಬ್ಬಿ ಸಂತೆಗೆ ಓಡಿ, ಒಳ್ಳೆ ಬಿದಿರಿನ ಮಂಕರಿ ತಂದು, ಹುಲ್ಲು ಹಾಸಿ, ಕೋಳಿ ಸಂಸಾರವನ್ನು ಅದಕ್ಕೆ ಸಾಗಿಸಿದೆ. ಅವ್ವ ಮಂಕರಿಯನ್ನು ಒಂದು ಸುತ್ತು ನೋಡಿ ಹೇಳಿದರು: "ಚೆನ್ನಾಗದೆ. ಆದ್ರೂ ಡ್ರಮ್ಮಿನಷ್ಟು ಬೆಚ್ಚಗಿಲ್ಲ ಬುಡು."

ತೂತಿನ ಮುಚ್ಚಳ

ಡ್ರಮ್ಮಿನ ಜೊತೆ ಬಾರಿಸೋ ಕಂಚಿನ ತಟ್ಟೆ, ಅದೇ ಸಿಂಬಲ್ಲು, ಅದನ್ನು ಒಯ್ದವನು ನಮ್ಮ ಗಿಟಾರಿನವನು. ಅವನ ಹೆಂಡತಿ ಕುಣಿಗಲ್‌ನಲ್ಲಿ ಸಣ್ಣ ಹೋಟೆಲ್ ನಡೆಸ್ತಾರೆ. ನಾನು ಹೋದಾಗ ಒಲೆ ಮೇಲೆ ಸಾಂಬಾರ್ ಕುದೀತಿತ್ತು. ಪಾತ್ರೆ ಮೇಲೆ ನಮ್ಮ ಸಿಂಬಲ್ಲು.

"ಅಕ್ಕಾ, ಇದು ಮುಚ್ಚಳ ಅಲ್ಲ. ಸಿಂಬಲ್ಲು."

"ಸಿಂಬಲ್ಲೋ ಗಿಂಬಲ್ಲೋ! ನಡುಮಧ್ಯ ತೂತೈತೆ, ಹಬೆ ಹೋಗ್ತದೆ, ಸಾಂಬಾರ್ ಉಕ್ಕಲ್ಲ. ಇಂಥ ಮುಚ್ಚಳ ಇಡೀ ಕುಣಿಗಲ್‌ನಲ್ಲೇ ಇಲ್ಲ."

ಮದುವೆ ವಿಷಯ ಹೇಳಿದ ಮೇಲೆ ಕರಗಿದರು. ಪಕ್ಕದ ಪಾತ್ರೆ ಅಂಗಡಿಯಿಂದ ಫಳಫಳ ಹೊಳೆಯೋ ಸ್ಟೀಲ್ ಮುಚ್ಚಳ ಕೊಡಿಸಿ, ಸಿಂಬಲ್ಲು ಹಿಡಿದು ಹೊರಟೆ. ಮಾರನೇ ದಿನ ಬೆಳಿಗ್ಗೆ ಫೋನು. "ಏನಣ್ಣಾ ಇದು? ಸಾಂಬಾರೆಲ್ಲಾ ಉಕ್ಕಿ ಒಲೆ ಮೇಲೆ. ಬಂದು ತೂತು ಮಾಡ್ಕೊಟ್ಟು ಹೋಗಿ!"

ಅಂಗಡಿ ಬಾಗಿಲೆಳೆದು, ಡ್ರಿಲ್ಲಿಂಗ್ ಮಷೀನ್ ಹಿಡ್ಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಹೋಟೆಲ್ ನಡುವೆ ಕೂತು ಮುಚ್ಚಳ ಕೊರೀತಿದ್ದಾಗ ಇಡ್ಲಿ ತಿಂತಿದ್ದ ಗಿರಾಕಿಯೊಬ್ಬರು ಕೇಳಿದರು: "ಯಾರಮ್ಮಾ ಇವ್ರು?"

"ಆರ್ಕೆಸ್ಟ್ರಾದೋರು ಕಣಣ್ಣ" ಅಂದರು ಅಕ್ಕ.

ಗಿರಾಕಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ ನಿಟ್ಟುಸಿರು ಬಿಟ್ಟರು. "ಪಾಪ. ಡಿಜೆ ಬಂದ್ಮೇಲೆ ಎಲ್ರಿಗೂ ಇದೇ ಗತಿ."

ಯಾರು ಹೋದ್ರು?

ಮನೆ ಮಹಡಿ ಮೇಲೆ ಕೆಲಸ ಶುರುವಾಯ್ತು. ಸೀಮೆಎಣ್ಣೆ ಹಾಕಿ ತುಕ್ಕು ಉಜ್ಜಿದೆ. ಹೊಸ ಚರ್ಮ ಎಳೆದು ಬಿಗಿದೆ. ಕಾಲಿನ ಪೆಡಲ್ಲಿನ ಸ್ಪ್ರಿಂಗ್ ಮುರಿದಿತ್ತು. ಅಂಗಡಿಯಲ್ಲಿದ್ದ ಸ್ಕೂಟರ್ ಸೈಡ್ ಸ್ಟ್ಯಾಂಡ್ ಸ್ಪ್ರಿಂಗನ್ನೇ ಹಾಕಿದೆ, ಸರಿಹೋಯ್ತು. ಸಿಂಬಲ್ಲು ಮೊದಲ ಸಲ ಬಾರಿಸಿದ ಕೂಡಲೇ ಕೆಳಗಡೆಯಿಂದ ಹೆಂಡತಿ ಕೂಗಿದಳು: "ರೀ, ಗ್ಯಾಸ್ ಸಿಲಿಂಡರ್‌ನೋನು ಬಂದವ್ನೆ, ನೋಡ್ರಿ!"

ಆಮೇಲೆ ದೊಡ್ಡ ಡ್ರಮ್ಮು. ಒಂದೇ ಸಮ ಧಡ್ ಧಡ್ ಅಂತ ಒದ್ದು ಪರೀಕ್ಷೆ ಮಾಡ್ತಿದ್ದೆ. ಎದುರು ಮನೆ ಅಜ್ಜಿ ತಲೆ ಮೇಲೆ ಸೆರಗು ಹೊದ್ದು, ಮುಖ ಸಪ್ಪಗೆ ಮಾಡ್ಕೊಂಡು ಮೆಟ್ಟಿಲು ಹತ್ತಿ ಬಂದರು.

"ಯಾರಪ್ಪಾ ಹೋದ್ರು?"

"ಯಾರೂ ಹೋಗಿಲ್ಲ ಅಜ್ಜಿ. ಎಲ್ರೂ ಚೆನ್ನಾಗವ್ರೆ."

ಅಜ್ಜಿ ಸೆರಗು ಇಳಿಸಿ ನಕ್ಕರು. "ಹಂಗಾರೆ ಮನೇಲಿ ಮದುವೆಯಾ?"

"ನಮ್ಮನೇಲಿ ಯಾವ ಮದುವೇನೂ ಇಲ್ಲ."

"ಸತ್ತಿಲ್ಲ, ಮದುವೆ ಇಲ್ಲ. ಮತ್ಯಾಕ್ಲಾ ಬಡೀತಾ ಇದೀಯ?"

ನನ್ನ ಹೆಂಡತಿ ಇದೇ ಪ್ರಶ್ನೆಯನ್ನು ಎಷ್ಟೋ ದಿನದಿಂದ ಕೇಳ್ತಿದ್ದಳು. ಅವತ್ತು ಅಜ್ಜಿಗೆ ಸ್ಪೆಷಲ್ ಕಾಫಿ ಸಿಕ್ಕಿತು.

ಊಟ ಮಾಡ್ಕೊಂಡ್ ಹೋಗಿ

ಅಂತೂ ಕುಣಿಗಲ್ ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್ ದಿನ ಬಂತು. ನಮ್ಮನ್ನು ವೇದಿಕೆಯ ಒಂದು ಪಕ್ಕ, ಗಂಡು ಹೆಣ್ಣಿನ ಕಡೆ ಮುಖ ಮಾಡಿ ಕೂರಿಸಿದ್ದರು. ಗಾಯಕ ಬಂದವನೇ ಡ್ರಮ್ಮಿನ ಮೇಲೆ ಕೈಯಾಡಿಸಿದ. ಮೈಕು ಹಿಡಿದು, ಕಣ್ಣು ಮುಚ್ಚಿ ಹಾಡೋಕೆ ನಿಂತ. ಅವನ ದನಿ ಕೇಳ್ತಿದ್ದ ಹಾಗೇ ಮಗಳ ಕಣ್ಣು ತುಂಬಿದವು.

ಆಗ ಡ್ರಮ್ಮು ಹೊರಟಿತು.

ದೊಡ್ಡ ಡ್ರಮ್ಮಿನ ಕಾಲುಗಳಿಗೆ ರಬ್ಬರ್ ಬುಷ್ ಇರುತ್ತೆ, ಜಾರದ ಹಾಗೆ. ಅವು ಸಿಕ್ಕಿರಲಿಲ್ಲ. ಇಷ್ಟೇ ಇಷ್ಟು ರಬ್ಬರು ಏನು ಮಹಾ ಅಂತ ಸುಮ್ಮನಾಗಿದ್ದೆ. ವೇದಿಕೆಗೆ ಹಾಕಿದ್ದು ನುಣ್ಣನೆ ಗ್ರಾನೈಟು. ನಾನು ಒಂದು ಸಲ ಒದ್ದರೆ ಡ್ರಮ್ಮು ಒಂದಿಷ್ಟು ಮುಂದೆ. ಸಣ್ಣ ಡ್ರಮ್ಮೂ ಸಿಂಬಲ್ಲೂ ಅದರ ಮೇಲೇ ಕೂತಿದ್ದರಿಂದ ಅವೂ ಮುಂದೆ. ನಿಲ್ಲಿಸೋಣ ಅಂದರೆ ಗಾಯಕನೂ ನಿಲ್ಲಿಸಿಬಿಡ್ತಾನೆ. ಇಷ್ಟು ವರ್ಷ ಆದಮೇಲೆ ಬಾಯಿ ಬಿಟ್ಟಿದ್ದಾನೆ. ಪ್ಲಾಸ್ಟಿಕ್ ಕುರ್ಚಿಯನ್ನು ಕೂತಲ್ಲೇ ಎಳ್ಕೊಂಡು, ಬಾರಿಸ್ತಾ ಹಿಂದೆಯೇ ಹೋದೆ.

ಉಡುಗೊರೆ ಕವರ್ ಹಿಡಿದು ಸಾಲಲ್ಲಿ ನಿಂತಿದ್ದವರು ಜಾಗ ಬಿಟ್ಟರು. ಒಬ್ಬ ಯಜಮಾನರಿಗೆ ಮಾತ್ರ ಸಿಟ್ಟು ಬಂತು. "ರೀ ಸ್ವಾಮಿ, ನಾವೂ ಆಗ್ಲಿಂದ ನಿಂತಿದೀವಿ. ಲೈನಲ್ ಬನ್ರಿ!"

ಗಾಯಕ ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಏರಿದ. ನಾನು ಜೋರಾಗಿ ಒದ್ದೆ. ಡ್ರಮ್ಮು ಸೀದಾ ಹೋಗಿ ಮದುಮಗನ ಕಾಲಿಗೆ ತಾಗಿ ನಿಂತಿತು, ಹಿಂದೆ ಕುರ್ಚಿ ಸಮೇತ ನಾನು. ಫೋಟೋಗ್ರಾಫರ್ "ಅಂಕಲ್, ಇಲ್ನೋಡಿ, ಸ್ಮೈಲ್!" ಅಂದ. ಸಂಜೆಯಿಂದ ಸಾವಿರ ಜನಕ್ಕೆ ಕೈ ಕುಲುಕಿ ಸುಸ್ತಾಗಿದ್ದ ಮದುಮಗ, ನಾನು ಯಾರು, ಯಾಕೆ ಬಂದೆ, ಒಂದೂ ನೋಡಲಿಲ್ಲ. ಕೋಲು ಹಿಡಿದಿದ್ದ ನನ್ನ ಬಲಗೈಯನ್ನೇ ಹಿಡಿದು ಕುಲುಕಿ ಹೇಳಿದ:

"ಬಂದಿದ್ದು ತುಂಬಾ ಸಂತೋಷ ಅಂಕಲ್. ಊಟ ಮಾಡ್ಕೊಂಡೇ ಹೋಗ್ಬೇಕು."