ಅತ್ತೆಯ ಎಳೆ, ಭಾವನ ರೀಲು

ನಮ್ಮ ಭಾವನವರ ತಲೆ ಕೆಟ್ಟಿದೆ ಎಂದು ಹೊಳಲ್ಕೆರೆಯ ಜನ ಹೇಳುತ್ತಿದ್ದರು. ನಾನಂತೂ ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ಒಂದು ದಿನವಾದರೂ ನೆಟ್ಟಗಿರಬೇಕಲ್ಲ!

ಭಾವ ಅಂದರೆ ನನ್ನ ಗಂಡನ ಅಣ್ಣ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಬ್ರಹ್ಮಚಾರಿ. ಎಪ್ಪತ್ತರ ದಶಕದಲ್ಲಿ ನಮ್ಮ ಅತ್ತೆಗೆ ಲಕ್ವ ಹೊಡೆದು ಬಲಗೈ ನಡುಗತೊಡಗಿತು. ಬಾಗಿಲಿಗೆ ಅವರು ಬಿಡುತ್ತಿದ್ದ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ನಿಂತುಹೋಯಿತು. ಇಡೀ ರಂಗೋಲಿಗೆ ಒಂದೇ ಎಳೆ. ಹೊರಟಲ್ಲಿಗೇ ಬಂದು ಸೇರಬೇಕು, ನಡುವೆ ಎಲ್ಲೂ ಕಡಿಯಬಾರದು. ಕಲಿಯಬೇಕಾದ ಸೊಸೆ ನಾನು. ನಾನು ಬಿಟ್ಟರೆ ಎಳೆ ಮೂರನೇ ತಿರುವಿನಲ್ಲೇ ದಾರಿ ತಪ್ಪಿ ಪಕ್ಕದ ಮನೆಗೆ ಹೊರಡುತ್ತಿತ್ತು! ಅತ್ತೆಯನ್ನು ಕೇಳಿದರೆ, "ಕೈಗೆ ಗೊತ್ತಿತ್ತು ಕಣೇ, ಬಾಯಿಗೆ ಬರಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಅವ್ವನ ಕೈಯನ್ನೇ ಸಿನಿಮಾ ಮಾಡ್ತೀನಿ" ಅಂದರು ಭಾವ.

"ಒಂದು ಹಾಳೆ ಮೇಲೆ ಬರೆದುಕೊಟ್ಟರೆ ಸಾಲದಾ ಭಾವ?"

"ಎಳೆ ಎಲ್ಲಿಂದ ಎಲ್ಲಿಗೆ ಓಡ್ತೈತೆ ಅಂತ ಹಾಳೆ ಹೇಳ್ತೈತೇನಮ್ಮ? ಕೈ ಓಡಾಡಬೇಕು!"

ಚಿಕ್ಕಂದಿನಿಂದ ಅವ್ವನ ಪಕ್ಕ ಕೂತು ನೋಡಿದ್ದೆಲ್ಲ ಅವರ ಕಣ್ಣಲ್ಲಿತ್ತು. ಕರಿ ಹಾಳೆ, ಬಿಳಿ ಬಣ್ಣ. ಕೈ ಚೂರು ಸರಿದಂತೆಲ್ಲ ಒಂದೊಂದು ಚಿತ್ರ. ಎಂಟುನೂರು! ಹಾಳೆ ಹಾರೀತೆಂದು ಮನೆಯಲ್ಲಿ ಕಿಟಕಿ ತೆರೆಯುವಂತಿಲ್ಲ, ಸೀನುವಂತಿಲ್ಲ. ನನ್ನ ಗಂಡ ಮೂರು ತಿಂಗಳು ಬೀದಿಗೆ ಹೋಗಿ ಸೀನಿ ಬಂದರು.

ಚಿತ್ರದುರ್ಗದ ಸ್ಟುಡಿಯೋ ಒಂದರಲ್ಲಿ ಎಂಟು ಎಂಎಂ ಅಗಲದ ರೀಲಿನ ಕ್ಯಾಮೆರಾ ಇತ್ತು. ಐವತ್ತು ಹಾಳೆಗಳನ್ನು ಒಂದೊಂದಾಗಿ ರೀಲಿಗೆ ತೆಗೆದು ನಮ್ಮ ಮನೆ ಗೋಡೆಯ ಮೇಲೆ ಬಿಟ್ಟು ನೋಡಿದರೆ, ಎಳೆಯೆಲ್ಲ ಇರುವೆ ಸಾಲು! ಅತ್ತೆ ಮುಖ ತಿರುಗಿಸಿದರು: "ಎಳೆ ಕಡಿದೈತೆ. ಮನೆಗೆ ಒಳ್ಳೇದಲ್ಲ, ಆರಿಸ್ರೋ!"

ಭಾವ ಹದಿನಾರು ಎಂಎಂಗೆ ಹಠ ಹಿಡಿದರು. "ಎಂಟಕ್ಕೂ ಹದಿನಾರಕ್ಕೂ ಏನ್ರಿ ವ್ಯತ್ಯಾಸ?" ಎಂದರು ಸ್ಟುಡಿಯೋದವರು.

"ಎಂಟು ಮೊಳದ ಸೀರೆಗೂ ಹದಿನಾರು ಮೊಳದ ಸೀರೆಗೂ ಏನು ವ್ಯತ್ಯಾಸ ಅಂತ ನಿಮ್ಮ ಮನೆಯವರನ್ನ ಕೇಳ್ರಿ!"

ನನಗೂ ಪಾಠವಾಯಿತು. ಭಾವ ನನ್ನ ಅಡುಗೆಮನೆ ಡಬ್ಬಿಗಳಿಗೆ ಕೈಹಾಕಿ, "ನೋಡಮ್ಮ, ಎಂಟರ ರೀಲಲ್ಲಿ ಒಂದು ಚಿತ್ರದ ಚೌಕ ಈ ತೊಗರಿಕಾಳಿನಷ್ಟು, ಹದಿನಾರರದ್ದು ಈ ಹುಣಸೆಬೀಜದಷ್ಟು. ಅವ್ವನ ಕೈಗೆ ಎಲ್ಲಿ ಜಾಗ ಜಾಸ್ತಿ ಐತೋ ಅಲ್ಲಿಗೇ ಹೋಗಾಣ" ಅಂದರು. ಬಣ್ಣದ ರೀಲೂ ಬೇಡವಂತೆ. ಬಣ್ಣ ಮಾಸುತ್ತದೆ, ಕಪ್ಪು ಬಿಳುಪೇ ಬಾಳುತ್ತದೆ.

ಹದಿನಾರರ ಕ್ಯಾಮೆರಾ ಇದ್ದದ್ದು ಬೆಂಗಳೂರಿನ ಗೆಳೆಯರೊಬ್ಬರಲ್ಲಿ. ಭಾವ ಹಾಳೆಗಳ ಟ್ರಂಕನ್ನು ಬಸ್ಸಿನ ಸೀಟಿನ ಮೇಲೆ ಕೂರಿಸಿ ತಾವು ನಿಂತರು. ಕಂಡಕ್ಟರ್, "ಟ್ರಂಕಿಗೆ ಟಿಕೆಟ್ ಎಲ್ಲಿ ಸ್ವಾಮಿ?" ಎಂದನಂತೆ.

"ನಂದೇ ಅದಕ್ಕೆ ಕೊಟ್ಟೀನಿ. ನಿಂತವನು ನಾನಲ್ವೇನಪ್ಪ!"

ರೀಲೇನೋ ಬಂತು, ಹದಿನಾರರದ್ದನ್ನು ತೋರಿಸುವ ಮೆಷಿನ್ ಬೇಡವೇ? ಜೀಪಿನಲ್ಲಿ ಹಳ್ಳಿ ಹಳ್ಳಿಗೆ ಪ್ರಚಾರದ ಸಿನಿಮಾ ತರುತ್ತಿದ್ದವನನ್ನು ಭಾವ ಕಾಡಿ ಬೇಡಿ ಕರೆತಂದರು. ಮಟಮಟ ಮಧ್ಯಾಹ್ನ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದೆವು. ಬೆವರೋ ಬೆವರು!

ಗೋಡೆಯ ಮೇಲೆ ಕೈಯೊಂದು ಮೂಡಿತು. ಹೆಬ್ಬೆರಳು, ಎರಡು ಬೆರಳು, ನಡುವೆ ರಂಗೋಲಿ ಪುಡಿ. ಎಳೆ ಚುಕ್ಕಿ ಬಳಸಿ, ತಿರುಗಿ, ದಾಟಿ, ಎಲ್ಲೂ ಕಡಿಯದೆ ಓಡಿತು. ಒಂದು ಚೂರೂ ನಡುಗಲಿಲ್ಲ ಆ ಕೈ.

"ಯಾರ ಕೈಯೋ ಅದು?" ಎಂದರು ಅತ್ತೆ. ಅತ್ತೆ ಮಡಿಲಲ್ಲಿದ್ದ ತಮ್ಮ ಕೈ ನೋಡಿಕೊಂಡರು, ಮತ್ತೆ ಗೋಡೆ ನೋಡಿದರು. "ಅಯ್ಯ, ನಂದೇ ಕಣೋ!"

ನನಗೆ ತಡೆಯಲಾಗಲಿಲ್ಲ. ಎಳೆ ಹೊರಟಲ್ಲಿಗೆ ಬಂದು ಸೇರಿತು, ರೀಲು ಮುಗಿಯಿತು. ಅತ್ತೆ ನಡುಗುವ ಆ ಕೈಯಿಂದಲೇ ನನ್ನ ಕೈ ಹಿಡಿದುಕೊಂಡು ಮೆಷಿನ್‌ನವನ ಕಡೆ ತಿರುಗಿದರು.

"ಇನ್ನೊಂದ್ಸಲ ಹಾಕಪ್ಪ. ನನ್ನ ಸೊಸೆ ಏನೂ ನೋಡಿಲ್ಲ, ಅಳ್ಕಂತ ಕುಂತವ್ಳೆ."